ಗುಂಡನಿಗೆ ಪತ್ರ: ಇನ್ನೂ ಎಷ್ಟು ಅಂತ ಕಲಿಯುವುದು?

ಲೋ ಗುಂಡ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಐವತ್ತು ದಾಟಿತು ಕಣೋ, ಇನ್ನೂ ಎಷ್ಟು ಅಂತ ಕಲೀತೀಯಾ?" ಅಂತ. ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು, ಏನೋ ಹೇಳಿ ಫೋನ್ ಇಟ್ಟೆ. ಉತ್ತರ ದೊಡ್ಡದಿತ್ತು, ಅದಕ್ಕೇ ಈ ಪತ್ರ. ಎಲ್ಲರೂ ಓದುವ ಜಾಗದಲ್ಲಿ ಯಾಕೆ ಬರೆದೆ ಅನ್ನಬೇಡ. ನಮ್ಮ ಹಾಗೆ ಪ್ರೆಸ್ಸು, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ) ನಂಬಿ ಸಂಸಾರ ಮಾಡಿದವರು ಊರೂರಲ್ಲೂ ಇದ್ದಾರೆ. ಅವರಿಗೂ ಈ ಪ್ರಶ್ನೆ ಇದೆ. ನಿನ್ನ ಹೆಸರು ಹಾಕಿಲ್ಲ ಬಿಡು. ಗುಂಡ ಅಂದರೆ ಯಾರು ಅಂತ ಛತ್ರಿ ಮೇಷ್ಟ್ರಿಗೆ ಮಾತ್ರ ಗೊತ್ತಾಗುತ್ತದೆ, ಅವರು ಯಾರಿಗೂ ಹೇಳುವುದಿಲ್ಲ.

ನಾವಿಬ್ಬರೂ ಪೇಜ್‌ಮೇಕರ್ ಅನ್ನುವ ಪುಟ ಕಟ್ಟುವ ತಂತ್ರಾಂಶ ಕಲಿತ ದಿನಗಳು ನೆನಪಿದೆಯಾ? ಮೈಸೂರಲ್ಲಿ ಆಗ ಅದು ಬರುವವರು ಕೆಲವೇ ಜನ. ಪುಟ ಕಂಪೋಸ್ ಮಾಡಿಕೊಟ್ಟರೆ ಸಿಗುತ್ತಿದ್ದ ದುಡ್ಡಿಗೆ ಒಂದು ಮರ್ಯಾದೆ ಇತ್ತು. ಆಮೇಲೆ 1998ರಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶ 'ಬರಹ' ಬಂತು. ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಇಟ್ಟುಕೊಂಡು, ಅದೂ ಉಚಿತವಾಗಿ. ಮನೆಮನೆಯಲ್ಲಿ ಜನ ಕನ್ನಡ ಟೈಪ್ ಮಾಡಿದರು. ಕನ್ನಡಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ನಮ್ಮ ಪುಟದ ರೇಟು ಮಾತ್ರ ಇಳಿಯುತ್ತಾ ಹೋಯಿತು. ನಾವು ಬೇಗ ಮಾಡುವುದನ್ನು ಕಲಿತೆವು, ಬೇಗ ಆಗುವ ಕೆಲಸಕ್ಕೆ ಇಷ್ಟು ಯಾಕೆ ಕೊಡಬೇಕು ಅಂತ ಗಿರಾಕಿಗಳು ಕೇಳಿದರು. ಬಣ್ಣದ ಕಾರ್ಡು ಮಾಡುವುದನ್ನು ಕಲಿತೆವು, ಪಕ್ಕದ ಅಂಗಡಿಯವನೂ ಕಲಿತ. ಈಗ ಮದುವೆ ಕರೆಯೋಲೆ ವಾಟ್ಸಾಪಿನಲ್ಲಿ ವಿಡಿಯೋ ಆಗಿ ಬರುತ್ತದೆ. ಹುಡುಗಿಯ ತಮ್ಮ ಮೊಬೈಲಿನಲ್ಲೇ ಕ್ಯಾನ್ವಾ ತೆಗೆದು ಮಾಡಿರುತ್ತಾನೆ. ಅಚ್ಚು ಹಾಕಿಸುವುದು ದೇವರ ಮುಂದೆ ಇಡಲಿಕ್ಕೆ, ಹಿರಿಯರಿಗೆ ಅಕ್ಷತೆ ಜೊತೆ ಕೊಡಲಿಕ್ಕೆ, ಅಷ್ಟೇ.

ಇದನ್ನೆಲ್ಲ ನೋಡಿ ನನಗೆ ಅನಿಸಿದ್ದು ಇಷ್ಟು: ಎಲ್ಲರೂ ಕಲಿಯುವುದನ್ನು ಕಲಿತರೆ ಆಟದಲ್ಲಿ ಉಳಿಯಬಹುದು, ಮುಂದೆ ಹೋಗಲಿಕ್ಕೆ ಆಗುವುದಿಲ್ಲ. 'ಕಲಿಯುತ್ತಾ ಇರಿ, ಬೆಳೆಯುತ್ತಾ ಇರಿ' ಅಂತ ಸ್ಟೇಜ್ ಮೇಲೆ ಭಾಷಣ ಮಾಡುವವರು ಈ ವಿಷಯ ಹೇಳುವುದೇ ಇಲ್ಲ. ಯಾವುದನ್ನು ಕಲಿಯಬೇಕು ಅನ್ನುವುದೇ ಇಲ್ಲಿ ಕಷ್ಟದ ಪ್ರಶ್ನೆ, ಅಲ್ವಾ?

ಅಪ್ಪ ಅದನ್ನು ಸರಿಯಾಗಿ ಹಿಡಿದಿದ್ದರು ಅಂತ ಈಗ ಗೊತ್ತಾಗುತ್ತಿದೆ. ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುತ್ತಿದ್ದವರು ಅವರು. ಕೇಸಿನ ಯಾವ ಮನೆಯಲ್ಲಿ ಯಾವ ಒತ್ತು ಇದೆ ಅಂತ ನೋಡದೇ ಕೈ ಹಾಕುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಮೊಳೆಗಳೆಲ್ಲ ಸೀಸದ ತೂಕಕ್ಕೆ ಹೋದವು. ಅಪ್ಪ ಕೀಬೋರ್ಡ್ ಮುಟ್ಟಲಿಲ್ಲ, ಪ್ರೂಫ್ ನೋಡಲು ಕೂತರು. ತಲೆಕೆಳಗಾದ, ಕನ್ನಡಿಯಲ್ಲಿ ಕಂಡ ಹಾಗಿರುವ ಅಕ್ಷರಗಳನ್ನು ಜೀವಮಾನವಿಡೀ ಓದಿದ ಕಣ್ಣು ಅದು. ನಮ್ಮ ಡಿಟಿಪಿ ಪುಟದಲ್ಲಿ ಒಂದು ಒತ್ತು ಜಾರಿದ್ದರೂ ಹಿಡಿಯುತ್ತಿತ್ತು. ಪ್ರಕಾಶಕರು ಅಪ್ಪನ ಕಣ್ಣಿಗೋಸ್ಕರ ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ವೇಗಕ್ಕಾಗಿ ಬರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅಪ್ಪ ಒಂದು ಮಾತು ಹೇಳುತ್ತಿದ್ದರು: 1843ರಲ್ಲಿ ಮಂಗಳೂರಲ್ಲಿ ಶುರುವಾದ ನಮ್ಮ ಮೊದಲ ಪತ್ರಿಕೆ, 'ಮಂಗಳೂರು ಸಮಾಚಾರ', ಕಲ್ಲಚ್ಚಿನಲ್ಲಿ ಬರುತ್ತಿತ್ತು. ಮರುವರ್ಷವೇ ಬಳ್ಳಾರಿಗೆ ಹೋಗಿ ಮೊಳೆ ಅಚ್ಚಿಗೆ ಬದಲಾಯಿತು. ಕನ್ನಡ ಪತ್ರಿಕೆ ಹುಟ್ಟಿದ ಮರುವರ್ಷವೇ ಅಚ್ಚು ಬದಲಿಸಿಕೊಂಡಿದೆ, ನೀನು ಯಾಕೆ ಗೋಳಾಡುತ್ತೀಯ ಅನ್ನುತ್ತಿದ್ದರು.

ಇನ್ನು ನಾನು ಈಚೆಗೆ ಕಲಿತದ್ದು. ಡಿಜಿಟಲ್ ಮಾರ್ಕೆಟಿಂಗ್, ರೀಲ್ಸ್ ಎಡಿಟಿಂಗ್, ಕೋರ್ಸುಗಳನ್ನು ಒಂದಾದ ಮೇಲೆ ಒಂದು ನೋಡಿದೆ. ಅದರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಬರೆಯಬೇಕಾದ್ದು ಗ್ರೆಪ್ ಬಗ್ಗೆ.

ಒಬ್ಬ ಹಿರಿಯ ಲೇಖಕರು ತಮ್ಮ ಹಳೆಯ ಪುಸ್ತಕದ ಫೈಲು ತಂದರು. ನುಡಿಯ ಹಳೆಯ ಫಾಂಟಿನಲ್ಲಿದ್ದ ಪೇಜ್‌ಮೇಕರ್ ಫೈಲು, ಈಗ ಇ-ಪುಸ್ತಕ ಆಗಬೇಕು. ಆ ಫಾಂಟುಗಳ ಕಥೆ ನಿನಗೆ ಗೊತ್ತು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರದ ಸಂಕೇತಗಳು. ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಬರೀ ಕಲಸುಮೇಲೋಗರ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, ಆದರೆ ಪುಟ ಕಟ್ಟುವ ತಂತ್ರಾಂಶಗಳಲ್ಲಿ ಒತ್ತಕ್ಷರ ನೆಟ್ಟಗೆ ಕೂರಲು ಬಹಳ ವರ್ಷ ಬೇಕಾಯಿತು. ಅದಕ್ಕೇ ಪೇಜ್‌ಮೇಕರ್ 2001ರ ಆವೃತ್ತಿಗೇ ನಿಂತುಹೋದ ಮೇಲೂ ನಮ್ಮವರು ಅದನ್ನು ಬಿಡಲಿಲ್ಲ. ಹಾಗಾಗಿ ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳು ಇವತ್ತಿಗೂ ಆ ಫೈಲುಗಳಲ್ಲೇ ಸಿಕ್ಕಿಕೊಂಡಿವೆ.

ಹಳೆಯ ಫಾಂಟನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದೆ. ಮುಕ್ಕಾಲು ಪಾಲು ಸರಿ ಬಂತು, ಉಳಿದದ್ದು ನೋಡಿ ತಲೆ ತಿರುಗಿತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಕ್ಷರದ ಬಲಕ್ಕೆ ಇರುತ್ತದೆ. ಯೂನಿಕೋಡ್‌ನಲ್ಲಿ ಆ 'ರ' ಮೊದಲು ಬರಬೇಕು. ಒತ್ತು, ದೀರ್ಘ ಎಲ್ಲ ಸೇರಿದ ಪದ ಬಂದರೆ ಪರಿವರ್ತಕ ಎಡವುತ್ತದೆ. ನಡುವೆ ಎಲ್ಲೋ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಗೊಂದಲವಾಗಿ ಮಾರ್ಪಡುತ್ತದೆ. ಇದೆಲ್ಲಕ್ಕಿಂತ ಕಳ್ಳ ಅಂದರೆ ಸೊನ್ನೆ. ಅನುಸ್ವಾರದ ಜಾಗದಲ್ಲಿ ಸಂಖ್ಯೆಯ ಸೊನ್ನೆ ಕೂತಿರುತ್ತದೆ. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಹುಡುಕಿದರೆ ಪದ ಸಿಗುವುದಿಲ್ಲ. ಒಂದೊಂದೇ ತಿದ್ದಿದರೆ ಯಾವ ಕಾಲಕ್ಕೆ ಮುಗಿಯಬೇಕು?

ಈಗ ನಾವು ಪುಟ ಕಟ್ಟುವ ಇನ್‌ಡಿಸೈನ್ ತಂತ್ರಾಂಶದಲ್ಲಿ ಗ್ರೆಪ್ ಅಂತ ಒಂದು ಹುಡುಕುವ ವಿಧಾನ ಇದೆ. 'ಅಕ್ಷರದ ಬೆನ್ನಿಗೆ ಸೊನ್ನೆ ಬಂದಿದ್ದರೆ ಅದನ್ನು ಅನುಸ್ವಾರ ಮಾಡು, ಅಂಕಿಯ ಬೆನ್ನಿಗೆ ಬಂದಿದ್ದರೆ ಮುಟ್ಟಬೇಡ' ಅಂತ ಒಂದೇ ಸಾಲಿನಲ್ಲಿ ಹೇಳಬಹುದು. ಅಂಗಡಿಯ ಹುಡುಗಿ ತೋರಿಸಿಕೊಟ್ಟಳು. ಅವಳಿಗೆ ಗ್ರೆಪ್ ಗೊತ್ತಿತ್ತು, ಅರ್ಕಾವತ್ತು ಎಲ್ಲೆಲ್ಲಿ ಕೈಕೊಡುತ್ತದೆ ಅಂತ ಗೊತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು, ಗ್ರೆಪ್ ಗೊತ್ತಿರಲಿಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೂ ಕೂತು ಕಲಿತೆ ಕಣೋ. ಊಟದ ನೆನಪಿಲ್ಲ. ಪುಸ್ತಕ ಮುಗಿದ ಮೇಲೆ ಆ ಲೇಖಕರು ತಮ್ಮ ಪ್ರಕಾಶಕರನ್ನೇ ಕರೆದುಕೊಂಡು ಬಂದರು. ಅವರ ಹತ್ತಿರ ಇಂಥ ಫೈಲುಗಳ ಒಂದು ಬೀರು ಇದೆ. ರೇಟಿನ ಬಗ್ಗೆ ಒಂದು ಮಾತೂ ಚೌಕಾಸಿ ಮಾಡಲಿಲ್ಲ. ಎಷ್ಟು ವರ್ಷ ಆಗಿತ್ತೋ ಆ ಸುಖ ಕಂಡು!

ಹಾಗಾಗಿ ನನ್ನ ಉತ್ತರ ಇದು. ಚೆನ್ನಾಗಿ ಗೊತ್ತಿರುವುದಕ್ಕೆ ಪಕ್ಕದಲ್ಲೇ ಇರುವುದನ್ನು ಕಲಿಯಬೇಕು. ಅಲ್ಲಿ ಪೈಪೋಟಿಗೆ ಬರಬೇಕಾದರೆ ಇನ್ನೊಬ್ಬ ನಮ್ಮ ಹಳೆಯ ಮೂವತ್ತು ವರ್ಷವನ್ನೂ ಕಲಿತು ಬರಬೇಕು. ನೀನು ಪ್ಯಾಕೇಜಿಂಗ್‌ಗೆ ಹೋದಾಗ ಮಾಡಿದ್ದೂ ಅದನ್ನೇ. ಶಾಯಿ, ಕಾಗದ ಗೊತ್ತಿದ್ದವನು ರಟ್ಟಿನ ಡಬ್ಬಿ ಕಲಿತೆ.

ಇಲ್ಲಿಗೆ ಪತ್ರ ಮುಗಿಸಬೇಕು ಅಂದುಕೊಂಡಿದ್ದೆ. ಆದರೆ ಬರೆಯುತ್ತಾ ಬರೆಯುತ್ತಾ ಇನ್ನೊಂದು ಮಾತು ಗಂಟಲಿಗೆ ಬಂದಿದೆ.

ಹೋದ ವಾರ ಸುಮ್ನೆ ಪರೀಕ್ಷೆಗೆ ಅಂತ ಆ ಗ್ರೆಪ್ ಸಾಲನ್ನು ಎಐಗೆ ಕೇಳಿದೆ, ಕನ್ನಡದಲ್ಲೇ. ಕಣ್ಣು ಮಿಟುಕಿಸುವುದರಲ್ಲಿ ಕೊಟ್ಟಿತು. ಓಡಿಸಿ ನೋಡಿದರೆ ಪುಸ್ತಕದಲ್ಲಿದ್ದ ಇಸವಿಗಳ ಸೊನ್ನೆಗಳೆಲ್ಲ ಅನುಸ್ವಾರ ಆಗಿದ್ದವು. ನಾನು ಹಿಡಿದೆ, ಹೇಳಿದೆ, ತಿದ್ದಿ ಕೊಟ್ಟಿತು. ಹುಡುಗಿ ನಕ್ಕಳು, "ಸಾರ್, ನೀವೇ ಗೆದ್ರಿ" ಅಂದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ ಗುಂಡ. ಈ ವರ್ಷ ನಾನು ಹಿಡಿದೆ. ಮುಂದಿನ ವರ್ಷ ಹಿಡಿಯಲಿಕ್ಕೆ ತಪ್ಪೇ ಇಲ್ಲದಿದ್ದರೆ? ಪಕ್ಕದ್ದು, ಅದರ ಪಕ್ಕದ್ದು ಅಂತ ಸರಿಯುತ್ತಾ ಹೋದವನಿಗೆ ಒಂದು ದಿನ ಗೋಡೆ ಸಿಕ್ಕಿದರೆ?

ಮೊಬೈಲ್ ಅಂಗಡಿಯವರು ಒಬ್ಬರು ನಮ್ಮ ಪ್ರೆಸ್ಸಿನ ಜಾಗ ಬಾಡಿಗೆಗೆ ಕೇಳಿಕೊಂಡು ಬಂದಿದ್ದರು. ಒಳ್ಳೆಯ ಬಾಡಿಗೆ ಹೇಳಿದರು. ಕೊಡುವುದಿಲ್ಲ ಅನ್ನಲಿಲ್ಲ, ಯೋಚನೆ ಮಾಡುತ್ತೇನೆ ಅಂದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಇಲ್ಲಿ ಬರೆದ ಮೇಲೆ ಸಂಜೆಯೊಳಗೆ ಅವಳಿಗೂ ಗೊತ್ತಾಗುತ್ತದೆ, ಗೊತ್ತಾಗಲಿ. ಕಲಿಯುವುದರಲ್ಲಿ ಎರಡು ಥರ ಇದೆ ಅಂತ ನನಗೆ ಈಗ ಅರ್ಥವಾಗಿದೆ. ಆ ಕೋರ್ಸುಗಳನ್ನು ಹೆದರಿಕೆಯಿಂದ ನೋಡಿದ್ದೆ, ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಗ್ರೆಪ್ ಕಲಿತದ್ದು ಆ ಪುಸ್ತಕ ಸರಿಯಾಗಿ ಬರಲೇಬೇಕು ಅನ್ನುವ ಹಟದಿಂದ. ಆ ಹಟ ಇನ್ನೂ ಇದೆ. ಅದು ಇರುವ ತನಕ ಜಾಗ ಕೊಡಲಿಕ್ಕೆ ಮನಸ್ಸು ಬರುವುದಿಲ್ಲ.

ಸರಿ, ಜಾಸ್ತಿ ಆಯಿತು. ಫೋನ್ ಮಾಡಿ ಸಮಾಧಾನ ಹೇಳಲು ಬರಬೇಡ, ನಿನ್ನ ಸಮಾಧಾನ ಹೇಗಿರುತ್ತದೆ ಅಂತ ಸೋಮನಾಥಪುರದ ಸೈಕಲ್ ಪ್ರಯಾಣದಲ್ಲೇ ನೋಡಿದ್ದೇನೆ. ಅಮ್ಮನ ಮಂಡಿನೋವು ಈಗ ಹೇಗಿದೆ? ಕೇಳಿದೆ ಅಂತ ಹೇಳು. ಭಾನುವಾರ ಬಾ, ದೋಸೆ ನನ್ನದು, ಲ್ಯಾಪ್‌ಟಾಪ್ ನಿನ್ನದು. 'ಕಾರ್ಯ' ಮತ್ತು 'ರ‍್ಯಾಂಕ್' ಒಂದೇ ಸಾಲಿನಲ್ಲಿ ಬಂದರೆ ನನ್ನ ಗ್ರೆಪ್ ಇನ್ನೂ ಎರಡಕ್ಕೂ ಅರ್ಕಾವತ್ತು ಹಾಕುತ್ತಿದೆ. ನಡುವಿನ ಆ ಕಾಣದ ಜೋಡಣೆಯ ಅಕ್ಷರವನ್ನು ಹಿಡಿಯುವುದು ಹೇಗೆ ಅಂತ ಇಬ್ಬರೂ ಕೂತು ನೋಡೋಣ. ಪ್ರಕಾಶಕರಿಗೆ ಬುಧವಾರ ಕೊಡಬೇಕು.

ನಿನ್ನ,
ಪ್ರೆಸ್ಸು