ಸರ್ವರ್ ತೆಗೆಯುವಾಗಲೂ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

‘ಸರ್ವರ್ ಡೌನ್’ ಎಂದಾಗಲೆಲ್ಲ ಇನ್ನಷ್ಟು ಸರ್ವರ್ ಹಾಕಿ ಎಂದು ಓದುಗರು ಬರೆಯುತ್ತಾರೆ. ಸರ್ವರ್ ರೂಮಿನಲ್ಲೇ ತಲೆ ನರೆತವನು ನಾನು. ಹಾಕುವುದು ಸುಲಭ, ತೆಗೆಯುವಾಗಲೇ ಎಡವಟ್ಟಾಗುವುದು.

ಒಂದು ಭಾಗ ಕೆಟ್ಟರೂ ನಿಲ್ಲದ ಯಂತ್ರ ಹೊಸದೇನಲ್ಲ. ಅಮೆರಿಕದ ಟ್ಯಾಂಡಮ್ ಕಂಪನಿ 1976ರಲ್ಲೇ ‘ನಾನ್‌ಸ್ಟಾಪ್’ ಯಂತ್ರ ಕೊಟ್ಟಿತ್ತು. 2 ಪ್ರೊಸೆಸರ್‌ನಿಂದ ಶುರು ಮಾಡಿ 16ರವರೆಗೆ ಬೆಳೆಸಬಹುದಿತ್ತು.

ಈಗ ಇಳಿಸುವ ಕಥೆ ನೋಡಿ. ಮೂರು ಸರ್ವರ್ ಇವೆ, ಪ್ರತಿಯೊಂದರ ಮೇಲೂ ಶೇ 50ರಷ್ಟು ಲೋಡ್. ಒಂದು ಕೆಟ್ಟರೆ ಉಳಿದೆರಡು ಶೇ 75 ಹೊತ್ತು ಹೇಗೋ ನಡೆಸುತ್ತವೆ. ‘ಸುಮ್ನೆ ಕರೆಂಟ್ ದಂಡ’ ಎಂದು ಲೆಕ್ಕಪತ್ರದವರು ಒಂದನ್ನು ತೆಗೆಸುತ್ತಾರೆ. ಆ ದಿನ ಏನೂ ಆಗುವುದಿಲ್ಲ. ಆಮೇಲೆ ಇನ್ನೊಂದು ಕೈಕೊಟ್ಟರೆ ಉಳಿದ ಒಂದರ ಮೇಲೆ ಶೇ 150. ಅದೂ ಮಲಗಿತು ಅಂತಲೇ ಅಲ್ವಾ?

ಒಂದು ಕಚೇರಿಯಲ್ಲಿ ನಾನೇ ಕಂಡಿದ್ದು: ಸರ್ವರ್‌ಗೆ ಎರಡು ಪವರ್ ಸಪ್ಲೈ, ಎರಡರ ವೈರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ! ಹಳೇ ರ‍್ಯಾಕ್ ಖಾಲಿ ಮಾಡುವಾಗ ಎರಡನೇ ಯುಪಿಎಸ್ ‘ಜಾಸ್ತಿ’ ಎಂದು ಸಾಗಿಸಿದ್ದರಂತೆ. ಸರ್ವರ್ ಹಿಂದೆ ಎರಡೂ ಹಸಿರು ದೀಪ ಚೆಂದವಾಗಿ ಉರಿಯುತ್ತಿದ್ದವು. ಯಾರಿಗೆ ಅನುಮಾನ ಬರಬೇಕು?

ಡಿಸ್ಕ್‌ಗಳದ್ದೂ ಇದೇ ಪಾಡು. ಮಾಹಿತಿಯನ್ನು ಹಲವು ಡಿಸ್ಕ್‌ಗಳಿಗೆ ಹಂಚಿಡುವ ರೇಡ್–5 ವ್ಯವಸ್ಥೆ ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ. ಬದಲಿ ಡಿಸ್ಕ್‌ಗೆ ಮಾಹಿತಿ ತುಂಬಿಕೊಳ್ಳುವ ಮೊದಲೇ ಇನ್ನೊಂದು ಹೋದರೆ ಬ್ಯಾಕಪ್ಪೇ ಗತಿ. ಸ್ಪೇರ್ ಡಿಸ್ಕ್‌ನಲ್ಲಿ ಉಳಿತಾಯ ಬೇಡ.

ಸರ್ಕಾರಿ ಟೆಂಡರ್‌ಗಳಲ್ಲಿ ಒಂದು ಸಾಲು ಸೇರಿಸಲಿ: ಯಾವುದನ್ನೇ ತೆಗೆದ ಮೇಲೂ ರಜಾದಿನ ಒಂದು ವೈರ್ ಕಿತ್ತು ಕೆಲಸ ನಡೆಯುತ್ತದೆಯೇ ಎಂದು ತೋರಿಸಬೇಕು. ಬಿಲ್ ಪಾಸಾಗುವುದು ಆಮೇಲೆ.

– ನಿವೃತ್ತ ಸಿಸ್ಟಂ ಎಂಜಿನಿಯರ್, ಮೈಸೂರು