ಮಗಳಿಗೊಂದು ಪತ್ರ: ತಳ ಹಿಡಿದದ್ದನ್ನು ಚೆಲ್ಲಬೇಡ

ಪ್ರೀತಿಯ ಮಗಳೇ,

ಮೊನ್ನೆ ನೀನು ಡಬ್ಲಿನ್‌ನಿಂದ ಕಳಿಸಿದ ಫೋಟೊ ನೋಡಿದೆ. ಬೀಫ್ ಬೂದು ಬಣ್ಣಕ್ಕೆ ತಿರುಗಿತ್ತು, ಅಣಬೆ ನೀರಲ್ಲಿ ತೇಲುತ್ತಿತ್ತು. ‘ಅಪ್ಪನ ಕೈಯ ಗ್ರೇವಿ ನನಗೆ ಬರುವುದೇ ಇಲ್ಲ’ ಎಂದು ಬರೆದಿದ್ದೆ. ಬರುತ್ತದೆ ಮಗಾ. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆಗಣ್ಣಲ್ಲಿ ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದಿದ್ದೀಯ, ಅಷ್ಟೇ. ರಜೆಯ ದಿನ ಮಾಡು. ಇದಕ್ಕೆ ಮೂರು ಗಂಟೆ ಬೇಕೇ ಬೇಕು.

ಅಂಗಡಿಯಲ್ಲಿ ಶಿನ್ ಇಲ್ಲವೇ ಚಕ್ ಕೇಳು, ಮುಕ್ಕಾಲು ಕಿಲೋ ಸಾಕು. ಕಾಲಿನ ಮಾಂಸ, ಹೆಗಲಿನ ಮಾಂಸ. ನಡುವೆ ಬಿಳಿ ನಾರು ಕಂಡರೆ ಬೇಡ ಅನ್ನಬೇಡ. ಸಣ್ಣ ಉರಿಯಲ್ಲಿ ಎರಡೂವರೆ ಗಂಟೆ ಬೆಂದರೆ ಅದೇ ಕರಗಿ ಗ್ರೇವಿ ತುಟಿಗೆ ಅಂಟುವಷ್ಟು ದಪ್ಪವಾಗುತ್ತದೆ. ದುಬಾರಿ ಫಿಲೆ, ಅಂದರೆ ಬೆನ್ನಿನ ಮೆತ್ತನೆಯ ಮಾಂಸ, ಅಷ್ಟು ಹೊತ್ತಿಗೆ ಒಣಗಿ ಹೋಗಿರುತ್ತದೆ. ಇಲ್ಲಿ ಕರ್ನಾಟಕದಲ್ಲಿ 2021ರಲ್ಲಿ ಗೋಹತ್ಯೆ ತಡೆ ಕಾಯ್ದೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ, ಕೋಣ ಕಡಿಯಲು ಮಾತ್ರ ಅವಕಾಶ. ಬಲಿತ ಮಾಂಸ, ಹಾಗಾಗಿ ನಾನು ಕುಕ್ಕರನ್ನೇ ನಂಬಿದ್ದೇನೆ. ನಿನಗೆ ಅದು ಬೇಡ.

ತುಂಡುಗಳನ್ನು ಪೇಪರಿನಲ್ಲಿ ಒತ್ತಿ ಒರೆಸು. ಒದ್ದೆ ಇದ್ದರೆ ಹುರಿಯುವುದಿಲ್ಲ, ಬೇಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಚೆನ್ನಾಗಿ ಕಾಯಲಿ. ಒಮ್ಮೆಗೆ ಆರೇಳು ತುಂಡು, ಒಂದಕ್ಕೊಂದು ತಾಗದ ಹಾಗೆ. ಹಾಕಿದ ಕೂಡಲೇ ಕೆದಕಬೇಡ. ಮೊದಲು ಅಂಟಿಕೊಳ್ಳುತ್ತದೆ, ಕೆಂಪಗಾದ ಮೇಲೆ ತಾನಾಗಿ ಬಿಡುತ್ತದೆ.

ಈಗ ತಳ ನೋಡು. ಕಂದು ಬಣ್ಣದ ಪದರ ಹಿಡಿದಿರುತ್ತದೆ. ನಾನು ಹಡಗಿಗೆ ಸೇರಿದ ಮೊದಲ ವರ್ಷ ಅದನ್ನು ಸೀದದ್ದು ಎಂದುಕೊಂಡು ತೊಳೆಯಲು ಹೊರಟಿದ್ದೆ. ಹಡಗು ಓಲಾಡುತ್ತಿತ್ತು, ಪಾತ್ರೆಗಳು ಜಾರದಂತೆ ಒಲೆಯ ಸುತ್ತ ಕಟ್ಟಿದ್ದ ಕಬ್ಬಿಣದ ಸರಳಿಗೆ ತಾಗಿ ಸದ್ದು ಮಾಡುತ್ತಿದ್ದವು. ಗೋವಾದ ಚೀಫ್ ಕುಕ್ ಓಡಿ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಒಂದು ಸೌಟು ಬಿಸಿನೀರು ಹೊಯ್ದು, ಮರದ ಸಟ್ಟುಗದಿಂದ ತಳ ಕೆರೆದು, ಅದನ್ನೇ ನನ್ನ ಬಾಯಿಗೆ ಇಟ್ಟರು. ಉಪ್ಪು ಕೂಡ ಹಾಕಿರಲಿಲ್ಲ. ಆ ರುಚಿ ನನಗೆ ಇವತ್ತಿಗೂ ನೆನಪುಂಟು. ನಿನ್ನ ಪಾತ್ರೆಯಲ್ಲಿ ಇಲ್ಲದ್ದು ಅದೇ ಮಾರಾಯ್ತಿ. (ಕಪ್ಪಾದರೆ ಮಾತ್ರ ಚೆಲ್ಲು, ಕಹಿಯಾಗುತ್ತದೆ.)

ಮಾಂಸ ತೆಗೆದಿಟ್ಟು ಅದೇ ಪಾತ್ರೆಗೆ ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ. ಬಾಡಿದ ಮೇಲೆ ಎರಡು ಚಮಚ ಮೈದಾ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿ. ಬಿಸಿನೀರು ಸ್ವಲ್ಪ ಸ್ವಲ್ಪವೇ ಹೊಯ್ಯುತ್ತಾ ತಳ ಕೆರೆ, ಆಗ ಗಂಟು ಕಟ್ಟುವುದಿಲ್ಲ. ಮಾಂಸ, ಉಪ್ಪು, ಬಿರಿಯಾನಿ ಎಲೆ ಹಾಕಿ ಮುಚ್ಚು. ಕುದಿ ಜೋರಾಗಬಾರದು, ಆಗೊಂದು ಈಗೊಂದು ಗುಳ್ಳೆ ಎದ್ದರೆ ಸಾಕು.

ಅಣಬೆಗೆ ನಿನಗೆ ಕೊರತೆಯಿಲ್ಲ. ಐರ್ಲೆಂಡಿನ ಮೊನಾಹನ್ ಕಡೆ ಅಣಬೆ ಬೆಳೆಯುವುದೇ ದೊಡ್ಡ ಕಸುಬು. ನಾವಿಲ್ಲಿ ಕಲ್ಲಣಬೆಗೆ ಮೊದಲ ಮಳೆ ಕಾಯಬೇಕು. ಕಾಲು ಕಿಲೋ ತಂದು ಬೇರೆ ಬಾಣಲೆಯಲ್ಲಿ, ಉಪ್ಪು ಹಾಕದೆ ಹುರಿ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ನೀರು ಬಿಟ್ಟಾಗ ಸದ್ದು ಅಡಗುತ್ತದೆ, ಇಂಗಿದಾಗ ಮತ್ತೆ ಚುರ್ ಎನ್ನುತ್ತದೆ. ಆಗ ಬೆಣ್ಣೆ ಹಾಕಿ ಕೆಂಪಗೆ ಮಾಡು. ಕೊನೆಯ ಅರ್ಧ ಗಂಟೆಗೆ ಮಾಂಸದ ಜೊತೆ ಸೇರಿಸಿ, ಕರಿಮೆಣಸು ಜಜ್ಜಿ ಹಾಕು.

ಅಮ್ಮ ನೀರುದೋಸೆಯ ಜೊತೆ ತಿನ್ನು ಅನ್ನುತ್ತಿದ್ದಾಳೆ. ಅಲ್ಲಿ ಆಲೂಗಡ್ಡೆ ಬೇಯಿಸಿ ಹಿಸುಕಿದರೂ ಆದೀತು. ಒಂದು ಡಬ್ಬಿ ಮಾರನೆಯ ದಿನಕ್ಕೆ ಫ್ರಿಜ್ಜಿನಲ್ಲಿಡು, ರುಚಿ ಹೆಚ್ಚುತ್ತದೆ.

ಭಾನುವಾರ ಮಾಡುವುದಾದರೆ ನೀರು ಹೊಯ್ಯುವ ಮೊದಲು ಪಾತ್ರೆಯ ತಳದ ಫೋಟೊ ಕಳಿಸು. ಬಣ್ಣ ನೋಡಿ ಹೇಳುತ್ತೇನೆ. ಫೋನ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.

ನಿನ್ನ ಅಪ್ಪ