ದೀಪಾವಳಿ ಶುಭಾಶಯ ಪತ್ರ ಮತ್ತು ಬಣ್ಣದ ಅಂಗಡಿಯ ಶೇಡ್ ಕಾರ್ಡುಗಳ ಕುರಿತು ಪೋಷಕರಿಗೆ

ಕಾರವಾರ

ಮಾನ್ಯ ಪೋಷಕರೇ,

ಸವಿನಯ ನಮಸ್ಕಾರಗಳು.

ಐದರಿಂದ ಏಳನೆಯ ತರಗತಿಯ ಮಕ್ಕಳು ಈ ಬಾರಿ ದೀಪಾವಳಿಗೆಂದು, ಬಣ್ಣದ ಅಂಗಡಿಗಳಲ್ಲಿ ಉಚಿತವಾಗಿ ಕೊಡುವ, ಬಣ್ಣಗಳ ಮಾದರಿ ತೋರಿಸುವ ಶೇಡ್ ಕಾರ್ಡುಗಳನ್ನು ಕತ್ತರಿಸಿ, ಅಂಟಿಸಿ ಶುಭಾಶಯ ಪತ್ರಗಳನ್ನು ತಯಾರಿಸುತ್ತಿರುವ ವಿಷಯ ತಮಗೆಲ್ಲ ತಿಳಿದಿದೆ. ಕಳೆದ ವಾರ ಕೆಲವು ಮಕ್ಕಳು ಶಾಲೆ ಬಿಟ್ಟ ಮೇಲೆ ಪೇಟೆಯ ಒಂದು ಅಂಗಡಿಗೆ ತಾವಾಗಿಯೇ ಹೋಗಿ, ಗಿರಾಕಿಗಳಿಗೆಂದು ಮುಂದೆ ಇಟ್ಟಿದ್ದ ಕಾರ್ಡುಗಳ ಕಟ್ಟನ್ನೇ ಎತ್ತಿಕೊಂಡು ಬಂದರೆಂದು ಅಂಗಡಿಯವರು ಶಾಲೆಗೆ ಫೋನ್ ಮಾಡಿ ತಿಳಿಸಿದರು. ಆ ಬಳಿಕ ಹಲವು ಪೋಷಕರು ನನ್ನನ್ನು ಭೇಟಿಯಾಗಿದ್ದಾರೆ. "ಪುಕ್ಕಟೆ ಕಾಗದಕ್ಕಾಗಿ ನಮ್ಮ ಮಕ್ಕಳು ಅಂಗಡಿಯ ಬಾಗಿಲಲ್ಲಿ ಏಕೆ ನಿಲ್ಲಬೇಕು? ಎಷ್ಟು ಖರ್ಚಾಗುತ್ತದೆಂದು ಹೇಳಿ, ನಾವೇ ಕೊಡುತ್ತೇವೆ" ಎಂಬುದು ಅವರ ಮಾತಿನ ಸಾರ.

ಶಾಲೆಯು ಯಾವ ಮಗುವನ್ನೂ ಅಂಗಡಿಗೆ ಕಳುಹಿಸಿರಲಿಲ್ಲ. ನಮ್ಮ ಚಿತ್ರಕಲಾ ಶಿಕ್ಷಕರು ಶಾಲೆಯ ಪತ್ರದೊಂದಿಗೆ ಹೋಗಿ, ಅಂಗಡಿಯವರೇ ಬದಿಗೆ ತೆಗೆದಿಟ್ಟಿದ್ದ ಹಳೆಯ ಕಾರ್ಡುಗಳನ್ನು ಕೇಳಿ ತಂದಿದ್ದರು. ಕಂಪನಿಯವರು ಬಣ್ಣಗಳ ಪಟ್ಟಿಯನ್ನು ಬದಲಿಸಿದಾಗ ಹಿಂದಿನ ಕಾರ್ಡುಗಳಿಂದ ಅಂಗಡಿಯವರಿಗೆ ಉಪಯೋಗವಿಲ್ಲ. ಅವು ರದ್ದಿಗೆ ಹೋಗುತ್ತವೆ. ನಮಗೆ ಬೇಕಾಗಿರುವುದು ಅವು ಮಾತ್ರ. ಹೊಸ ಕಾರ್ಡುಗಳಾಗಲಿ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ದಪ್ಪನೆಯ ಬಣ್ಣದ ಪುಸ್ತಕವಾಗಲಿ ಅವರ ವ್ಯಾಪಾರಕ್ಕೆ ಬೇಕಾದ ವಸ್ತುಗಳು, ಅವುಗಳನ್ನು ಮುಟ್ಟಬಾರದೆಂದು ತರಗತಿಯಲ್ಲಿ ಮೊದಲೇ ಹೇಳಲಾಗಿತ್ತು. ತಂದ ಕಟ್ಟನ್ನು ಮಕ್ಕಳು ಶಿಕ್ಷಕರೊಡನೆ ಹೋಗಿ ಹಿಂದಿರುಗಿಸಿದ್ದಾರೆ, ಅಂಗಡಿಯವರೂ ದೊಡ್ಡ ಮನಸ್ಸಿನಿಂದ ನಡೆದುಕೊಂಡಿದ್ದಾರೆ. ಇನ್ನು ಮುಂದೆ ಈ ಕೆಲಸಕ್ಕಾಗಿ ಯಾವ ವಿದ್ಯಾರ್ಥಿಯೂ ಅಂಗಡಿಗೆ ಹೋಗತಕ್ಕದ್ದಲ್ಲ. ಈ ನಿಯಮದಲ್ಲಿ ವಿನಾಯಿತಿ ಇರುವುದಿಲ್ಲ.

ಬಣ್ಣದಲ್ಲಿ ಸೀಸವಿರುತ್ತದೆಯಲ್ಲವೇ ಎಂದು ಒಬ್ಬ ತಾಯಿ ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮವು 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕಿಂತ ಹಿಂದಿನ ಕಾರ್ಡು ಎಂಬ ಸಂಶಯ ಬಂದರೂ ನಾವು ಅದನ್ನು ಬಳಸುವುದಿಲ್ಲ. ಕಾರ್ಡಿನ ಬಣ್ಣವನ್ನು ಕೆರೆಯಬಾರದು, ಚೂರುಗಳನ್ನು ಬಾಯಿಗೆ ಹಾಕಬಾರದು, ಬಿಸಿಯೂಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಇವೆಲ್ಲವನ್ನೂ ಶಿಕ್ಷಕರು ಎದುರಿಗೆ ನಿಂತೇ ಮಾಡಿಸುತ್ತಿದ್ದಾರೆ.

ಇನ್ನು ಹೊರಗಿನಿಂದ ಸಾಮಗ್ರಿ ಕೊಂಡು ತರಬಾರದೆಂಬ ವಿಷಯ. ತಮ್ಮಲ್ಲಿ ಹೆಚ್ಚಿನವರಿಗೆ ಒಪ್ಪಿಗೆಯಾಗದಿರುವುದು ಇದೇ ಎಂಬುದನ್ನು ನಾನು ಬಲ್ಲೆ. ಹೊಳೆಯುವ ಹಾಳೆ, ಕುಂದಣ, ಅಂಟಿಸುವ ಹೂವು, ಅರ್ಧ ಸಿದ್ಧವಾಗಿಯೇ ಬರುವ ಕಾರ್ಡಿನ ಕಿಟ್ ಇವುಗಳನ್ನು ಕೆಲವರು ಪ್ರೀತಿಯಿಂದ ಮಕ್ಕಳ ಚೀಲದಲ್ಲಿಟ್ಟು ಕಳುಹಿಸಿದ್ದೀರಿ. ಮಗುವಿನ ಕಾರ್ಡು ಚಂದವಾಗಿ ಕಾಣಲಿ ಎಂಬ ಆಸೆ ಯಾವ ತಂದೆ ತಾಯಿಗೆ ಇರುವುದಿಲ್ಲ? ಆದರೂ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬರ ಮುಂದೆ ಇನ್ನೂರು ರೂಪಾಯಿಯ ಸಾಮಾನು, ಇನ್ನೊಬ್ಬರ ಮುಂದೆ ಹಳೆಯ ಶೇಡ್ ಕಾರ್ಡು ಮಾತ್ರ ಇದ್ದರೆ, ಆ ಎರಡನೆಯ ಮಗು ಕತ್ತರಿಯನ್ನು ಕೈಗೆತ್ತಿಕೊಳ್ಳಲೂ ಹಿಂಜರಿಯುತ್ತದೆ. ಅದನ್ನು ನಾನು ತರಗತಿಯಲ್ಲಿ ನೋಡಿದ್ದೇನೆ. ಎಲ್ಲರಿಗೂ ಒಂದೇ ರಾಶಿ, ಅದರಿಂದ ಯಾರಿಗೆ ಏನು ಬೇಕೋ ಆರಿಸಿಕೊಳ್ಳಬಹುದು ಎಂದಾಗ ಮಾತ್ರ ಮಕ್ಕಳ ಗಮನ ಕೊಂಡು ತಂದ ಸಾಮಾನಿನಿಂದ ಬಣ್ಣದ ಕಡೆಗೆ ತಿರುಗುತ್ತದೆ. ತಾವು ಹಣ ಕೊಡಲು ಮುಂದೆ ಬಂದಿರುವುದನ್ನು ಶಾಲೆ ಗೌರವಿಸುತ್ತದೆ. ಆದರೆ ಈ ಕೆಲಸಕ್ಕೆ ಹಣವನ್ನು ಸ್ವೀಕರಿಸುವುದಿಲ್ಲ, ಕೊಂಡು ತಂದ ಸಾಮಗ್ರಿಯನ್ನು ಬಳಸಲು ಬಿಡುವುದೂ ಇಲ್ಲ.

ಮಕ್ಕಳು ಆ ರದ್ದಿಯಿಂದ ಏನು ಮಾಡುತ್ತಿದ್ದಾರೆಂಬುದನ್ನು ತಾವು ಒಮ್ಮೆ ಬಂದು ನೋಡಬೇಕೆಂದು ನನ್ನ ಆಸೆ. ಶೇಡ್ ಕಾರ್ಡಿನಲ್ಲಿ ಒಂದೇ ಬಣ್ಣವು ತಿಳಿಯಿಂದ ಗಾಢಕ್ಕೆ ಸಾಲಾಗಿ ಇಳಿಯುತ್ತದೆ, ಅಂತಹ ಸಾಲು ಕ್ರೇಯಾನ್ ಡಬ್ಬಿಯಲ್ಲಿ ಸಿಗುವುದಿಲ್ಲ. ಆರನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ನೀಲಿಯ ಐದು ಛಾಯೆಗಳನ್ನು ಅಲೆಯ ಆಕಾರದಲ್ಲಿ ಕತ್ತರಿಸಿ, ದಡದ ಹತ್ತಿರ ತೀರಾ ತಿಳಿಯಾದದ್ದು, ಕೂರ್ಮಗಡ ದ್ವೀಪದ ಕಡೆಗೆ ಗಾಢವಾದದ್ದು ಬರುವಂತೆ ಅಂಟಿಸಿದ್ದಾಳೆ. ನಡುವೆ ಕೆಂಪು ಚೂರಿನ ಒಂದು ದೋಣಿ ಇದೆ. ಆ ಚೂರಿನ ಅಂಚಿನಲ್ಲಿ ಬಣ್ಣದ ಸಂಖ್ಯೆ ಮುದ್ರಿತವಾಗಿತ್ತು. ಎಲ್ಲರೂ ಆ ಅಂಚನ್ನು ಕತ್ತರಿಸಿ ಎಸೆಯುತ್ತಿದ್ದರೆ ಇವಳು ಅದನ್ನು ದೋಣಿಯ ಪಕ್ಕೆಗೆ ಬರುವಂತೆ ಉಳಿಸಿಕೊಂಡಿದ್ದಾಳೆ. ಕೇಳಿದಾಗ, "ಬೈತಖೋಲ ಬಂದರಿನ ದೋಣಿಗಳ ಮೇಲೆಲ್ಲ ನಂಬರ್ ಇರುತ್ತದಲ್ಲ ಟೀಚರ್" ಎಂದಳು. ಕಿಟ್‌ನಲ್ಲಿ ಬರುವ ದೋಣಿಗೆ ಆ ನಂಬರ್ ಇರುತ್ತಿರಲಿಲ್ಲ.

ಇದರಿಂದ ಪಾಠ ಹಿಂದೆ ಬೀಳುತ್ತದೆಂಬ ಆತಂಕ ಬೇಡ. ಚಿತ್ರಕಲೆಯ ಅವಧಿಗಳಲ್ಲಿ ಮಾತ್ರ ಈ ಕೆಲಸ ನಡೆಯುತ್ತದೆ. ನುಣುಪಾದ ಮೇಲ್ಮೈಯಲ್ಲಿ ನೀರಾದ ಗೋಂದು ನಿಲ್ಲುವುದಿಲ್ಲ, ಮೈದಾ ಅಂಟಿಗೆ ನಮ್ಮ ಕರಾವಳಿಯ ಹವೆಯಲ್ಲಿ ಬೇಗ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಫೆವಿಕಾಲನ್ನು ತೆಳ್ಳಗೆ ಸವರಿ, ಪುಸ್ತಕಗಳ ಕೆಳಗೆ ಒಂದು ರಾತ್ರಿ ಒತ್ತಿಡುತ್ತೇವೆ. ಅಂಚೆ ಲಕೋಟೆ 20 ಗ್ರಾಂ ಮೀರಿದರೆ ಐದು ರೂಪಾಯಿಯ ಚೀಟಿ ಸಾಲದು. ಹಾಗಾಗಿ ಏಳನೆಯ ತರಗತಿಯವರು ಪ್ರತಿ ಕಾರ್ಡನ್ನೂ ವಿಜ್ಞಾನ ಕೋಣೆಯ ತಕ್ಕಡಿಯಲ್ಲಿ ತೂಗಿ, ಹೆಚ್ಚಾದರೆ ಒಂದು ಪದರ ಬಿಚ್ಚಿಸುತ್ತಿದ್ದಾರೆ. ಅಂಟು ಮತ್ತು ಅಂಚೆಯ ಖರ್ಚನ್ನು ಶಾಲೆಯೇ ಭರಿಸುತ್ತದೆ.

ನಮ್ಮ ಮಕ್ಕಳಲ್ಲಿ ಅನೇಕರ ತಂದೆಯವರು ಗೋವಾದಲ್ಲೋ ಮುಂಬಯಿಯಲ್ಲೋ ದುಡಿಯುತ್ತಿದ್ದಾರೆ, ಹಬ್ಬಕ್ಕೆ ರಜೆ ಸಿಗದವರೂ ಇದ್ದಾರೆ. ಹೆಚ್ಚಿನ ಕಾರ್ಡುಗಳು ಅವರಿಗೇ ಹೋಗಲಿವೆ. ಅವರ ಕೈಗೆ ಮಗುವೇ ಆರಿಸಿದ ಬಣ್ಣ, ಮಗುವೇ ಕತ್ತರಿಸಿದ ಸೊಟ್ಟ ಅಂಚು ತಲುಪಲಿ ಎಂದು ಮತ್ತೊಮ್ಮೆ ವಿನಂತಿಸುತ್ತೇನೆ. ದಯವಿಟ್ಟು ಮನೆಯಲ್ಲಿ ಅದನ್ನು ತಿದ್ದಿ ನೇರ ಮಾಡಬೇಡಿ, ಮೇಲೆ ಹೊಳೆಯುವ ಪುಡಿ ಉದುರಿಸಬೇಡಿ. ಹಾಗೆ ಬಂದ ಕಾರ್ಡನ್ನು ನಾವು ಬೇಸರವಿಲ್ಲದೆ, ಆದರೆ ಖಂಡಿತವಾಗಿ, ಮನೆಗೇ ಹಿಂದಿರುಗಿಸುತ್ತೇವೆ.

ಚೌತಿಗೆ ಮೊದಲು ಬಣ್ಣ ಬಳಿಸಿದ ಮನೆಗಳಲ್ಲಿ ಹಳೆಯ ಶೇಡ್ ಕಾರ್ಡು ಉಳಿದಿದ್ದರೆ ಅದನ್ನು, ಮತ್ತು ಕಾರ್ಡು ಯಾರಿಗೆ ಹೋಗಬೇಕೋ ಅವರ ವಿಳಾಸವನ್ನು ಪಿನ್ ಕೋಡ್ ಸಹಿತ ಬರೆದು, ಈ ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳುಹಿಸಿಕೊಡಬೇಕಾಗಿ ಕೋರಿಕೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ